ಇಂಕರ ಕಲ್ಲುದಾರಿಯೂ ಅದರ ಹೊರೆಯೂ



ಈ ಸ್ಮರಣ ಸಂಚಿಕೆಗೆ ಭೂಗೋಳದ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿದಾಗ ವಿಷಯವು ಆಗಲೇ ನನ್ನ ಮೇಜಿನ ಮೇಲೆ ಬಿದ್ದಿತ್ತು. ನಮ್ಮಲ್ಲಿ ಕಲಿತು ಈಗ ಹೊರದೇಶದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಒಬ್ಬಳು, ಎರಡು ವರ್ಷ ಹಣ ಕೂಡಿಸಿ, ದಕ್ಷಿಣ ಅಮೇರಿಕದ ಪೆರು ದೇಶಕ್ಕೆ ಹೋಗುವ ತಂಡವೊಂದಕ್ಕೆ ಹೆಸರು ಕೊಟ್ಟಿದ್ದಾಳೆ. ಮಾರ್ಗದರ್ಶಕನೊಬ್ಬನ ಮೇಲ್ವಿಚಾರಣೆಯಲ್ಲಿ ಮೊದಲು ಸೈಕಲ್ ಸವಾರಿ, ಅನಂತರ ಹೊಳೆಯಲ್ಲಿ ರಬ್ಬರು ದೋಣಿಯ ವಿಹಾರ, ಆಮೇಲೆ ನಾಲ್ಕು ದಿನ ಕಾಲ್ನಡಿಗೆಯಿಂದ ಇಂಕರ ಹಾಳು ಪಟ್ಟಣವಾದ ಮಾಚು ಪಿಚುವನ್ನು ಸೇರುವುದು. ಇದು ಆ ಪ್ರವಾಸದ ಕ್ರಮ. ಅವಳ ತಾಯಿಯು ಆ ಕಾಗದವನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದು, “ಟೀಚರಮ್ಮ, ದುಡ್ಡು ಕೊಟ್ಟು ಕಷ್ಟವನ್ನು ಕೊಂಡುಕೊಳ್ಳುವ ಬುದ್ಧಿ ಇವಳಿಗೆ ಎಲ್ಲಿಂದ ಬಂತು? ನೀವೇ ಒಂದು ಮಾತು ಹೇಳಿರಿ” ಅಂದರು. ಒಂದು ಮಾತಿನಲ್ಲಿ ಹೇಳಲಾರದೆ ನಾನು ನಕಾಶೆಯನ್ನು ಬಿಚ್ಚಿದೆನು. ಅಂದು ಆ ತಾಯಿಗೂ ಮರುದಿನ ಒಂಬತ್ತನೆಯ ತರಗತಿಗೂ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಪೆರುವಿನ ಉದ್ದಕ್ಕೂ ಆಂಡೀಸ್ ಪರ್ವತಶ್ರೇಣಿಯು ಬೆನ್ನೆಲುಬಿನಂತೆ ಹಾದುಹೋಗಿದೆ. ಅದರ ನಡುವೆ ಸಮುದ್ರಮಟ್ಟಕ್ಕಿಂತ ಸುಮಾರು 3,400 ಮೀಟರ್ ಎತ್ತರದಲ್ಲಿರುವ ಕುಸ್ಕೊ ಪಟ್ಟಣವು ಇಂಕರ ರಾಜಧಾನಿಯಾಗಿತ್ತು. ಅವರನ್ನು ಪುರಾತನರೆಂದು ಕರೆಯುವ ವಾಡಿಕೆ ಉಂಟಾದರೂ ಅವರ ಸಾಮ್ರಾಜ್ಯವು ಅಷ್ಟೇನೂ ಹಳೆಯದಲ್ಲ. 15ನೆಯ ಶತಮಾನದಲ್ಲಿ ಪಚಕುಟಿ ಎಂಬ ಅರಸನ ಕಾಲದಿಂದ ಅದು ಹಬ್ಬುತ್ತಾ ಹೋಗಿ, ಸುಮಾರು ನೂರು ವರ್ಷಗಳೊಳಗೆ ಈಗಿನ ಕೊಲಂಬಿಯದ ತೆಂಕಣ ಅಂಚಿನಿಂದ ಚಿಲಿ ದೇಶದ ನಡುಭಾಗದ ಪರ್ಯಂತ ವ್ಯಾಪಿಸಿತು. 1532ರಲ್ಲಿ ಸ್ಪೇನಿನವರು ಅರಸನಾದ ಅಟವಾಲ್ಪನನ್ನು ಸೆರೆಹಿಡಿದು ಮರುವರ್ಷ ಕೊಂದರು. ನಮ್ಮ ಅಡಿಗೆಮನೆಯ ಆಲೂಗಡ್ಡೆಯು ಆ ಪರ್ವತಗಳ ಹೊಲದಿಂದಲೇ ಸಮುದ್ರಗಳನ್ನು ದಾಟಿ ನಮ್ಮ ಕಡೆಗೆ ಬಂದದ್ದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತಾಯಂದಿರಿಗೆ ಪೆರು ದೇಶವು ತೀರಾ ಅಪರಿಚಿತವಲ್ಲ.

ಈ ಜನರಿಗೆ ಕುದುರೆ ಇರಲಿಲ್ಲ, ಕಬ್ಬಿಣದ ಆಯುಧಗಳಿರಲಿಲ್ಲ, ಸಾಗಾಟಕ್ಕೆ ಚಕ್ರವಿರಲಿಲ್ಲ, ಅಕ್ಷರಗಳೂ ಇರಲಿಲ್ಲ. ಬಣ್ಣಬಣ್ಣದ ನೂಲುಗಳಲ್ಲಿ ಗಂಟುಗಳನ್ನು ಹಾಕಿ ಲೆಕ್ಕವನ್ನಿಡುತ್ತಿದ್ದರು. ಆ ನೂಲಿನ ಕಟ್ಟಿಗೆ ಕಿಪು ಎಂದು ಹೆಸರು. ಆದಾಗ್ಯೂ ಅವರು ಕಟ್ಟಿದ ಹಾಗೂ ಹಿಂದಿನವರಿಂದ ಪಡೆದು ಜೋಡಿಸಿದ ರಸ್ತೆಗಳ ಒಟ್ಟು ಉದ್ದವು 30,000 ಕಿಲೋಮೀಟರಿಗಿಂತ ಹೆಚ್ಚು. ಈಗ ಆರು ದೇಶಗಳಲ್ಲಿ ಹಂಚಿಹೋಗಿರುವ ಈ ಮಾರ್ಗಜಾಲವನ್ನು 2014ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಇದನ್ನು ಹೇಳುತ್ತಿದ್ದಾಗ ತರಗತಿಯ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, “ಬಂಡಿಯಿಲ್ಲದವರಿಗೆ ರಸ್ತೆ ಯಾತಕ್ಕೆ ಟೀಚರ್?” ಎಂದು ಕೇಳಿದಳು. ಆ ದಿನದ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ. ಆ ರಸ್ತೆಯು ಕಾಲಿಗಾಗಿ ಹಾಕಿದ್ದು. ಬಂಡಿಯ ರಸ್ತೆಯು ಗುಡ್ಡವನ್ನು ಸುತ್ತಿಕೊಂಡು ಮೆಲ್ಲಗೆ ಏರಬೇಕು. ಕಾಲಿನ ರಸ್ತೆಯು ಮೆಟ್ಟಿಲು ಕಟ್ಟಿಕೊಂಡು ನೇರವಾಗಿ ಏರಬಹುದು. ಆದಕಾರಣ ಇಂಕರ ದಾರಿಯು ಕಡಿದಾದ ಕಡೆಗಳಲ್ಲಿ ಸಾವಿರಾರು ಕಲ್ಲುಮೆಟ್ಟಿಲುಗಳಾಗಿ ಮಾರ್ಪಡುತ್ತದೆ. ಅದರ ಮೇಲೆ ಓಟಗಾರರು ಠಾಣೆಯಿಂದ ಠಾಣೆಗೆ ಸರದಿಯಂತೆ ಸುದ್ದಿಯನ್ನು ಒಯ್ಯುತ್ತಿದ್ದರು. ಲಾಮಾ ಎಂಬ ಉಣ್ಣೆಯ ಪ್ರಾಣಿಯು ಸುಮಾರು 25ರಿಂದ 30 ಕಿಲೋಗ್ರಾಂ ಮಾತ್ರ ಹೊರುವುದು. ಅದಕ್ಕಿಂತ ಹೆಚ್ಚು ಹೇರಿದರೆ ಕುಳಿತುಬಿಡುವುದಂತೆ. ಮನುಷ್ಯನಿಗೆ ಹಾಗೆ ಕುಳಿತುಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಪ್ರಜೆಗಳು ಅರಸನಿಗೆ ನಾಣ್ಯದಿಂದಲ್ಲ, ಮಿಟಾ ಎಂಬ ಸರದಿಯ ದುಡಿಮೆಯಿಂದ ತೆರಿಗೆಯನ್ನು ಸಲ್ಲಿಸಬೇಕಾಗಿತ್ತು. ದಾರಿಯನ್ನು ಕಟ್ಟಿದ್ದೂ ಅದರ ಮೇಲೆ ಹೊತ್ತದ್ದೂ ಆ ದುಡಿಮೆಯೇ. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದೆ ಅದು ಪುನಃ ಬರುತ್ತದೆ.

ಇನ್ನು ಪ್ರವಾಸದ ವಿಚಾರ. ತಾಯಿಯು ಹೊಳೆಗೂ ಸೈಕಲ್ಲಿಗೂ ಹೆದರುತ್ತಿದ್ದರು. ನನಗೆ ಹೆದರಿಕೆಯಿದ್ದದ್ದು ಗಾಳಿಯ ವಿಷಯದಲ್ಲಿ. ಮೇಲೇರಿದ ಹಾಗೆಲ್ಲಾ ಗಾಳಿಯು ತೆಳುವಾಗುತ್ತಾ 4,200 ಮೀಟರ್ ಎತ್ತರದಲ್ಲಿ ಅದರ ಒತ್ತಡವು ಸಮುದ್ರತೀರದಲ್ಲಿರುವುದರ ಸುಮಾರು ಐದರಲ್ಲಿ ಮೂರು ಪಾಲು ಮಾತ್ರ ಉಳಿಯುತ್ತದೆ. ವಿಮಾನದಿಂದ ನೆಟ್ಟಗೆ ಕುಸ್ಕೊದಲ್ಲಿ ಇಳಿದವರಿಗೆ ತಲೆನೋವು, ಓಕರಿಕೆ, ನಿದ್ರೆಯಿಲ್ಲದಿರುವಿಕೆ ಉಂಟಾಗುವುದು ಸಾಮಾನ್ಯ. ಗಟ್ಟಿಮುಟ್ಟಾದ ಯುವಕರನ್ನೂ ಅದು ಬಿಡುವುದಿಲ್ಲ. ಎರಡು ಮೂರು ದಿನ ತಗ್ಗಿನ ಕಣಿವೆಯಲ್ಲಿದ್ದು ದೇಹವನ್ನು ಒಗ್ಗಿಸಿಕೊಳ್ಳುವುದು, ತಲೆನೋವಿರುವಾಗ ಮೇಲೇರದಿರುವುದು, ಹೆಚ್ಚಾದರೆ ತಡಮಾಡದೆ ಕೆಳಗಿಳಿಯುವುದು. ಇವೇ ಅದಕ್ಕೆ ಮುಖ್ಯ ಉಪಾಯಗಳು. ನಮ್ಮ ಹುಡುಗಿಯು ದಾದಿಯಾಗಿರುವುದರಿಂದ ಇದನ್ನೆಲ್ಲಾ ಬಲ್ಲಳು. ಆದರೆ ದಾದಿಯರು ತಮ್ಮ ತಲೆನೋವನ್ನು ಇತರರಿಗೆ ಹೇಳುವವರಲ್ಲವೆಂದು ನನಗೆ ಅನುಭವವಿದೆ. ಮಾರ್ಗದರ್ಶಕನಿಗೆ ಏನನ್ನೂ ಮುಚ್ಚಿಡಬಾರದೆಂದು ಅವಳಿಗೆ ಪತ್ರ ಬರೆದಿದ್ದೇನೆ.

ಸೈಕಲ್ ಸವಾರಿಯು ಮೊರಾಯ್, ಮಾರಾಸ್ ಎಂಬ ಊರುಗಳ ಕಡೆಗೆ. ಮೊರಾಯ್‌ನಲ್ಲಿ ಇಂಕರು ನೆಲವನ್ನು ದೊಡ್ಡ ಬೋಗುಣಿಯಂತೆ ತಗ್ಗಿಸಿ ಸುತ್ತಲೂ ವೃತ್ತಾಕಾರದ ಮೆಟ್ಟಿಲುಗದ್ದೆಗಳನ್ನು ಮಾಡಿದ್ದಾರೆ. ಮಾರಾಸ್‌ನಲ್ಲಿ ಬೆಟ್ಟದಿಂದ ಉಕ್ಕುವ ಉಪ್ಪುನೀರಿನ ಚಿಲುಮೆಯನ್ನು ಸಾವಿರಾರು ಪುಟ್ಟ ಮಡಿಗಳಿಗೆ ಹಾಯಿಸಿ, ಬಿಸಿಲಿನಲ್ಲಿ ಆರಿಸಿ, ಅಲ್ಲಿನ ಕುಟುಂಬಗಳು ಈಗಲೂ ಉಪ್ಪನ್ನು ತೆಗೆಯುತ್ತವೆ. ಉರುಬಾಂಬಾ ಹೊಳೆಯ ದೋಣಿಯ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆನು. ತೇಲುಅಂಗಿಯನ್ನೂ ಶಿರಸ್ತ್ರಾಣವನ್ನೂ ಸರಿಯಾಗಿ ಬಿಗಿದುಕೊಂಡರೆ ಸಾಕು.

ಕಾಲ್ನಡಿಗೆಯು ರೈಲುಮಾರ್ಗದ 82ನೆಯ ಕಿಲೋಮೀಟರಿನ ಗುರುತಿನಿಂದ ಪ್ರಾರಂಭವಾಗುತ್ತದೆ; ಸುಮಾರು 43 ಕಿಲೋಮೀಟರ್. ಸರಕಾರದ ಪರವಾನಿಗೆ ಪಡೆದ ಮಾರ್ಗದರ್ಶಕನಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹೊರೆಯಾಳುಗಳನ್ನೂ ಸೇರಿಸಿ ದಿನಕ್ಕೆ 500 ಮಂದಿಗೆ ಮಾತ್ರ ಅಪ್ಪಣೆ. ಮಳೆಗಾಲದ ಫೆಬ್ರುವರಿ ತಿಂಗಳಲ್ಲಿ ದಾರಿಯನ್ನು ಮುಚ್ಚಿ ದುರಸ್ತಿ ಮಾಡುತ್ತಾರೆ. ಎರಡನೆಯ ದಿನ ಏರತಕ್ಕ ಘಾಟಿಯು ಸುಮಾರು 4,200 ಮೀಟರ್. ಅಲ್ಲಿನ ಕೆಚುವಾ ಭಾಷೆಯಲ್ಲಿ ಅದರ ಹೆಸರಿಗೆ ‘ಸತ್ತ ಹೆಂಗಸು’ ಎಂದರ್ಥ. ಇದನ್ನು ಓದಿ ತಾಯಿಯ ಮುಖವು ಬಿಳಿಚಿಕೊಂಡಿತು. ಬೆಟ್ಟದ ಆಕಾರವು ಅಂಗಾತ ಮಲಗಿದ ಹೆಂಗಸಿನಂತೆ ತೋರುವುದರಿಂದ ಆ ಹೆಸರು ಬಂದದ್ದೇ ಹೊರತು ಬೇರೆ ಕಾರಣವಿಲ್ಲವೆಂದು ನಾನು ಸಮಾಧಾನಪಡಿಸಬೇಕಾಯಿತು. ಮೂರನೆಯ ದಿನ ಮೋಡ ಕವಿಯುವ ಕಾಡುಗಳ ನಡುವೆ ಸಾಯಕ್‌ಮಾರ್ಕಾ, ಫುಯುಪಟಮಾರ್ಕಾ, ವಿನ್ಯಾಯ್ ವಾಯ್ನಾ ಎಂಬ ಹಾಳೂರುಗಳು ಒಂದಾದಮೇಲೊಂದು ಎದುರಾಗುತ್ತವೆ.

ಈ ನಾಲ್ಕು ದಿನವೂ ಡೇರೆ, ಒಲೆ, ಪಾತ್ರೆ, ಅಕ್ಕಿ, ಗಡ್ಡೆಗೆಣಸು ಎಲ್ಲವೂ ಮನುಷ್ಯರ ಬೆನ್ನಿನ ಮೇಲೆಯೇ ಹೋಗಬೇಕು. ಹಳೆಯ ಕಲ್ಲುಗಳು ಸವೆಯುತ್ತವೆಂದು ಕುದುರೆ, ಹೇಸರಗತ್ತೆಗಳನ್ನು ಘಾಟಿಯ ಮೇಲಕ್ಕೆ ಬಿಡುವುದಿಲ್ಲ. ಪ್ರವಾಸಿಗಳು ಏದುಸಿರು ಬಿಡುತ್ತಾ ಮೆಟ್ಟಿಲು ಎಣಿಸುತ್ತಿರುವಾಗ, ಸುತ್ತಣ ಹಳ್ಳಿಗಳ ಕೆಚುವಾ ರೈತರು, ಅನೇಕರು ಹಳೆಯ ಟೈರಿನಿಂದ ಮಾಡಿದ ಚಪ್ಪಲಿಗಳನ್ನು ಮೆಟ್ಟಿ, ಹೊರೆಯೊಂದಿಗೆ ಅವರನ್ನು ಹಿಂದೆ ಹಾಕಿ ಓಡುತ್ತಾರೆ; ತಂಡವು ಸೇರುವಷ್ಟರಲ್ಲಿ ಡೇರೆ ಎದ್ದು ಚಹಾ ಕುದಿಯುತ್ತಿರಬೇಕು. ಬಹುಕಾಲ ಈ ಹೊರೆಗೆ ಮಿತಿಯೇ ಇರಲಿಲ್ಲ. 2001ರಲ್ಲಿ ಪೆರು ಸರಕಾರವು ಹೊರೆಯಾಳುಗಳ ವಿಷಯವಾಗಿ ಒಂದು ಕಾಯಿದೆಯನ್ನು ಮಾಡಿ, ಒಬ್ಬನು 20 ಕಿಲೋಗ್ರಾಮಿಗಿಂತ ಹೆಚ್ಚು ಹೊರಬಾರದೆಂದು ವಿಧಿಸಿತು. ದಾರಿಯ ಠಾಣೆಯಲ್ಲಿ ತಕ್ಕಡಿಯಿಟ್ಟು ತೂಗುತ್ತಾರೆ. ಈಚಿನ ವರ್ಷಗಳಲ್ಲಿ ಕೆಲವು ಹೆಂಗಸರೂ ಈ ಕೆಲಸಕ್ಕೆ ಸೇರಿದ್ದಾರೆ. ಅಗ್ಗವಾಗಿ ಕರೆದೊಯ್ಯುವ ಪ್ರವಾಸದಲ್ಲಿ ಆ ಅಗ್ಗವು ಯಾರ ಊಟದಿಂದ, ಯಾರ ಕೂಲಿಯಿಂದ ಕಡಿದದ್ದೆಂದು ಮೊದಲೇ ವಿಚಾರಿಸಬೇಕು. ಹೊರೆಯಾಳುಗಳು ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆಂದು ಕೇಳಲು ನಾಚಬಾರದು.

ನಾಲ್ಕನೆಯ ದಿನ ನಸುಕಿಗೆ ಮುಂಚೆ ಎದ್ದು, ಸೂರ್ಯದ್ವಾರವೆಂಬ ಇಂಟಿ ಪುಂಕುವನ್ನು ದಾಟಿದರೆ ಕೆಳಗೆ ಮಾಚು ಪಿಚು. ಚಿತ್ರವನ್ನು ತೋರಿಸಿದೊಡನೆ ತರಗತಿಯಲ್ಲಿ ಇಬ್ಬರು, ಇದನ್ನು ರಜನೀಕಾಂತರ ಸಿನೆಮಾ ಹಾಡಿನಲ್ಲಿ ಕಂಡಿದ್ದೇವೆಂದರು. 2010ರ ಆ ತಮಿಳು ಚಿತ್ರದ ಹಾಡಿನಲ್ಲಿ ಬರುವ ಹೆಸರು ಆಫ್ರಿಕದ ಕಿಲಿಮಂಜಾರೊ ಪರ್ವತದ್ದು, ಚಿತ್ರೀಕರಿಸಿದ್ದು ಪೆರುವಿನಲ್ಲಿ! ಭೂಗೋಳದ ಟೀಚರಿಗೆ ಇಂಥಾದ್ದರಿಂದ ಎಷ್ಟು ತೊಂದರೆಯೆಂದು ಹಾಡು ಬರೆಯುವವರು ಯೋಚಿಸುವುದಿಲ್ಲ.

ಪಚಕುಟಿ ಅರಸನಿಗಾಗಿ ಕಟ್ಟಲ್ಪಟ್ಟ ಆ ಸ್ಥಳದಲ್ಲಿ ಗಾರೆಯಿಲ್ಲದೆ ಕೂಡಿಸಿದ ಗೋಡೆಗಳನ್ನು ಎಲ್ಲರೂ ಹೊಗಳುತ್ತಾರೆ. ನನಗಾದರೋ ಕಣ್ಣಿಗೆ ಕಾಣಿಸದ ಕೆಲಸವೇ ಹೆಚ್ಚು ಆಶ್ಚರ್ಯಕರ. ಬಹಳ ಮಳೆ ಸುರಿಯುವ ಇಳಿಜಾರಿನ ದಿಬ್ಬವದು. ನೀರು ನಿಂತರೆ ಊರೇ ಜಾರಿಹೋದೀತು. ಅದಕ್ಕಾಗಿ ಮೆಟ್ಟಿಲುಗದ್ದೆಗಳ ಅಡಿಯಲ್ಲಿ ಕಲ್ಲುಚೂರು, ಅದರ ಮೇಲೆ ಮರಳುಮಿಶ್ರ ಮಣ್ಣು, ಎಲ್ಲಕ್ಕೂ ಮೇಲೆ ಫಲವತ್ತಾದ ಮಣ್ಣು ಎಂಬುದಾಗಿ ಪದರಪದರವಾಗಿ ತುಂಬಿದರು. ಬೆಟ್ಟದ ಊಟೆಯಿಂದ 749 ಮೀಟರ್ ಉದ್ದದ ಕಲ್ಲುಕಾಲುವೆಯಲ್ಲಿ ನೀರನ್ನು ತಂದು 16 ತೊಟ್ಟಿಗಳಿಗೆ ಒಂದರಿಂದೊಂದಕ್ಕೆ ಇಳಿಸಿದರು. 1990ರ ದಶಕದಲ್ಲಿ ಇದನ್ನು ಅಳೆದು ಪರೀಕ್ಷಿಸಿದ ಅಮೇರಿಕದ ಇಂಜಿನಿಯರ್ ಕೆನೆತ್ ರೈಟರು, ಅಲ್ಲಿನ ಕಟ್ಟಡದ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೆಲದಡಿಯಲ್ಲೇ ಅಡಗಿದೆಯೆಂದು ಅಂದಾಜು ಮಾಡಿದ್ದಾರೆ.

1911ನೆಯ ಇಸವಿ ಜುಲೈ 24ರಂದು ಅಮೇರಿಕದ ಹೈರಾಮ್ ಬಿಂಗಮ್ ಎಂಬವರು ಇದನ್ನು ಕಂಡುಹಿಡಿದರೆಂದು ನಾನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆನು. ಕೆಲವು ವರ್ಷ ಹಾಗೆಯೇ ಕಲಿಸಿದೆನು ಕೂಡಾ. ಬಿಂಗಮರೇ ಬರೆದಿರುವ ಪ್ರಕಾರ, ಮೆಲ್ಚೋರ್ ಆರ್ಟೆಯಾಗ ಎಂಬ ರೈತನು ಒಂದು ಸೋಲ್ ನಾಣ್ಯದ ಕೂಲಿಗೆ ಅವರಿಗೆ ದಾರಿ ತೋರಿಸಿದನು. ಮೇಲೆ ಆ ಹಾಳೂರಿನ ಗದ್ದೆಗಳಲ್ಲೇ ಬೆಳೆ ತೆಗೆಯುತ್ತಾ ಕುಟುಂಬಗಳು ವಾಸವಾಗಿದ್ದವು. ಅವರು ತಣ್ಣೀರನ್ನೂ ಬೇಯಿಸಿದ ಗೆಣಸನ್ನೂ ಕೊಟ್ಟು ಉಪಚರಿಸಿದರು. ಗೋಡೆಗಳ ತನಕ ಕೈಹಿಡಿದು ಕರೆದೊಯ್ದದ್ದು ಅವರ ಒಬ್ಬ ಚಿಕ್ಕ ಹುಡುಗ. ಅದಕ್ಕೂ ಮುಂಚೆ 1902ರಲ್ಲಿ ಅಗುಸ್ಟೀನ್ ಲಿಸಾರಾಗ ಎಂಬ ಅಲ್ಲಿನವನೊಬ್ಬನು ಬಂದು ಗೋಡೆಯ ಮೇಲೆ ತನ್ನ ಹೆಸರನ್ನು ಬರೆದುಹೋಗಿದ್ದನು. ಬಿಂಗಮರು ಆ ಸ್ಥಳವನ್ನು ಹೊರಲೋಕಕ್ಕೆ ತಿಳಿಸಿದವರು, ಚಿತ್ರಗಳನ್ನು ತೆಗೆದವರು. ಆ ಮಾನವು ಅವರಿಗೆ ಸಲ್ಲತಕ್ಕದ್ದೇ. ಅವರು ಅಗೆದು ಯೇಲ್ ವಿಶ್ವವಿದ್ಯಾಲಯಕ್ಕೆ ಒಯ್ದ ವಸ್ತುಗಳು ಸುಮಾರು ನೂರು ವರ್ಷಗಳ ಮೇಲೆ, 2011 ಮತ್ತು 2012ರಲ್ಲಿ, ಪೆರುವಿಗೆ ಹಿಂತಿರುಗಿದವು. ‘ಕಂಡುಹಿಡಿದರು’ ಎಂಬ ಪದವನ್ನು ನಾನು ಈಗ ಕರಿಹಲಗೆಯ ಮೇಲೆ ಬರೆಯುವುದಿಲ್ಲ.

ತಾಯಿಯು ಇದನ್ನೆಲ್ಲಾ ಕೇಳಿ, ಹೋಗಿಬರಲಿ ಎಂದು ಒಪ್ಪಿದರು. ಎರಡು ವಾರ ಕಳೆದು ಪುನಃ ಬಂದರು. ಕೈಯಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿ. ಮಗಳಿರುವ ಊರಿಗೆ ಹೋಗುವವರು ಸಿಕ್ಕಿದ್ದಾರಂತೆ, ಬೆಟ್ಟದ ಮೇಲೆ ಅವಳಿಗೆ ಬಾಯಿಗೆ ರುಚಿಯಿಲ್ಲದೆ ಹೋಗಬಾರದಂತೆ. ಹೊರೆಯಾಳುವಿಗೆ ಒಪ್ಪಿಸಬಹುದಾದ ಸ್ವಂತ ಸಾಮಾನು ಹಾಸಿಗೆಯ ಚೀಲವೂ ಸೇರಿ 7 ಕಿಲೋಗ್ರಾಂ ಮಾತ್ರವೆಂದು ಆ ಪ್ರವಾಸದ ಕಾಗದದಲ್ಲಿಯೇ ಬರೆದಿತ್ತು. ನಾನು ಮಾತಾಡದೆ ಭರಣಿಯನ್ನು ವಿಜ್ಞಾನದ ಕೊಠಡಿಗೆ ಒಯ್ದು ತಕ್ಕಡಿಯ ಮೇಲಿಟ್ಟೆನು. ಎರಡು ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ. ಅವರು ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು, “ಇದನ್ನೂ ಅವನೇ ಹೊರಬೇಕಲ್ಲ” ಅಂದರು. ಮರುದಿನ ಕಾಲು ಕಿಲೋ ಚಟ್ನಿಪುಡಿಯ ಪೊಟ್ಟಣವು ಹೋಯಿತು. ಭರಣಿಯು ನಮ್ಮ ಶಿಕ್ಷಕಿಯರ ಕೊಠಡಿಯಲ್ಲಿದೆ, ಅರ್ಧ ಮುಗಿದಿದೆ.