ಮೊಬೈಲ್ ಸ್ಟಾರ್ಟರಿಗೂ ಬೀಗ ಬೇಕು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ತೋಟಗಳಲ್ಲಿ ಪಂಪಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿಕೊಂಡ ರೈತರು ಈಗ ಅನೇಕರಿದ್ದಾರೆ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಕಾಯ್ದು, ಹಾವು ಚೇಳಿನ ಭಯದಲ್ಲಿ ಬಾವಿಗೆ ಹೋಗುವ ತ್ರಾಸು ಇದರಿಂದ ತಪ್ಪುತ್ತದೆ. ಉಪಯುಕ್ತ ಸಾಧನವೇ ಸರಿ. ಆದರೆ ಇದು ಮುಖ ನೋಡಿ ಕೆಲಸ ಮಾಡುವುದಿಲ್ಲ. ನೋಂದಾಯಿಸಿದ ಸಂಖ್ಯೆ ಇಲ್ಲವೆ ಗುಪ್ತಪದ ಯಾರ ಕೈಯಲ್ಲಿದೆಯೋ ಅವರೇ ಇದಕ್ಕೆ ಯಜಮಾನರು.

ಕೆಲವು ಸ್ಟಾರ್ಟರುಗಳು ಒಳಗಿನ ಸಿಮ್‌ಗೆ ಬಂದ ಕರೆಯಿಂದ ನಡೆಯುತ್ತವೆ. ಆ್ಯಪ್‌ನಿಂದ ನಡೆಯುವವುಗಳಲ್ಲಿ ನಿಮ್ಮ ಆಜ್ಞೆ ಮೊದಲು ಕಂಪನಿಯ ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಬಾವಿಗೆ ಬರುತ್ತದೆ. 'ಕ್ಲೌಡ್' ಎನ್ನುವುದು ಇದನ್ನೇ. ಮಳೆಯ ಮೋಡಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಸ್ತ ಬಹಾರಕ್ಕೆಂದು ಲಿಂಬೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಯಾರೋ ಮೋಟಾರು ಚಾಲೂ ಮಾಡಿದರೆ ಗಿಡಕ್ಕೆ ಕೊಟ್ಟ ವಿಶ್ರಾಂತಿ ಕೆಡುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಜೀವದ್ದು. ಮೋಟಾರು ಬಿಚ್ಚುವಾಗ 'ಫೋನಿನಲ್ಲಿ ಬಂದ್ ಮಾಡಿದ್ದೇನೆ' ಎಂದು ನಂಬಿ ಕೈ ಹಾಕಕೂಡದು. ಮೇನ್ ಸ್ವಿಚ್ ಇಳಿಸಿ, ಫ್ಯೂಜ್ ಕಿತ್ತು ಕಿಸೆಯಲ್ಲಿಟ್ಟುಕೊಂಡ ನಂತರವೇ ಕೆಲಸಕ್ಕೆ ತೊಡಗಬೇಕು.

ಸ್ಟಾರ್ಟರ್ ಕೂಡಿಸಿದ ದಿನವೇ ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಿಸಿರಿ. 0000, 1234 ಎಂಬಂಥವುಗಳನ್ನು ಯಾರಾದರೂ ಊಹಿಸಬಲ್ಲರು. 2016ರಲ್ಲಿ 'ಮಿರಾಯ್' ಎಂಬ ದುಷ್ಟ ಪ್ರೋಗ್ರಾಮು ಹೊಕ್ಕದ್ದು ಇದೇ ಬಾಗಿಲಿನಿಂದ. ಕಾರ್ಖಾನೆಯ ಗುಪ್ತಪದ ಬದಲಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ ಮುಂತಾದ ಸಾಧನಗಳನ್ನು ಅದು ವಶಪಡಿಸಿಕೊಂಡಿತು. ತೋಟ ಕಾಯಲು ಕ್ಯಾಮೆರಾ ಹಾಕಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ವಸ್ತಿಯ ಮನೆಯ ಅಂಗಳ, ಹೆಣ್ಣುಮಕ್ಕಳು ಓಡಾಡುವ ಜಾಗ ಅದರಲ್ಲಿ ಬೀಳದಂತೆ ತಿರುಗಿಸಿಡಿರಿ.

ಬಳಿಕ ನೋಂದಾಯಿತ ಸಂಖ್ಯೆಗಳ ಪಟ್ಟಿ ನೋಡಿರಿ. ಕೂಡಿಸಿಕೊಟ್ಟ ಮೆಕ್ಯಾನಿಕ್, ಕೆಲಸ ಬಿಟ್ಟ ಆಳು, ಪಾಲು ಹಂಚಿಕೊಂಡು ಬೇರೆಯಾದ ಅಣ್ಣತಮ್ಮಂದಿರು, ಇವರ ಸಂಖ್ಯೆಗಳು ಅದರಲ್ಲಿ ಉಳಿದಿರುತ್ತವೆ. ಬೇಡವಾದವನ್ನು ತೆಗೆಯಿರಿ, ಮನಸ್ತಾಪಕ್ಕೆ ಇದರಲ್ಲೇನೂ ಇಲ್ಲ. ಬಹಳ ದಿನ ರೀಚಾರ್ಜ್ ಮಾಡದ ಸಂಖ್ಯೆಯನ್ನು ಕಂಪನಿಗಳು ನಿಲ್ಲಿಸಿ, ಕೆಲಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಮಗ ಪುಣೆಗೆ ಹೋಗಿ ಸಿಮ್ ಬದಲಿಸಿದ್ದರೆ, ಅವನ ಹಳೆಯ ಸಂಖ್ಯೆ ಅಪರಿಚಿತರ ಕೈ ಸೇರಿ ನಿಮ್ಮ ಮೋಟಾರಿನ ಕೀಲಿ ಅವರಲ್ಲಿರಬಹುದು.

ಆ್ಯಪ್ ಹಾಕಿಕೊಳ್ಳುವಾಗ ಫೋನಿನಲ್ಲಿರುವ ಎಲ್ಲರ ಸಂಖ್ಯೆ ಹಾಗೂ ಫೋಟೋಗಳಿಗೆ ಅದು ಅನುಮತಿ ಕೇಳೀತು. ಮೋಟಾರು ಹಚ್ಚಲು ನಿಮ್ಮ ಬೀಗರ ಸಂಖ್ಯೆ ಏತಕ್ಕೆ? ನಿರಾಕರಿಸಿರಿ. ನೀರು ಬಿಡುವ ವೇಳೆ, ತೋಟದ ಸ್ಥಳ, ಮಣ್ಣಿನ ತೇವಾಂಶ ಮುಂತಾದ ಮಾಹಿತಿ ಯಾರಿಗೆ ಹೋಗುತ್ತದೆಂದು ಕೊಳ್ಳುವ ಮೊದಲೇ ಮಾರಾಟಗಾರರನ್ನು ಕೇಳಿರಿ. ಉತ್ತರ ಹೇಳಲು ಹಿಂಜರಿದರೆ ಬೇರೆ ಅಂಗಡಿ ನೋಡುವುದು ಲೇಸು.

ಕಂಪನಿಯವರೆಂದು ಹೇಳಿಕೊಂಡು ಓಟಿಪಿ ಕೇಳುವವರಿಗೆ ಅದನ್ನು ಕೊಡಬೇಡಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಹಳೆಯ ಸ್ಟಾರ್ಟರ್ ಮಾರುವಾಗ ಸಿಮ್ ತೆಗೆದುಕೊಂಡು, ಒಳಗಿನ ಸಂಖ್ಯೆಗಳನ್ನೆಲ್ಲ ಅಳಿಸಿ ಕೊಡತಕ್ಕದ್ದು.