ಕಣ್ಣಿನ ಮೇಲೆ ತಪ್ಪು ಹೊರಿಸಬೇಡ

ಕನ್ನಡಕದ ಪವರ್ ಹೆಚ್ಚಾಗಿರಬಹುದಾ ತಾತ ಅಂತ ಕೇಳಿದೆಯಲ್ಲ ಮಗಳೇ, ಒಂದು ಸಲ ಡಾಕ್ಟರಿಗೆ ತೋರಿಸಿಕೊಂಡು ಬಾ, ಬೇಡ ಅನ್ನುವುದಿಲ್ಲ. ಆದರೆ ನೀನು ಹೇಳಿಕೊಂಡ ಎರಡು ತೊಂದರೆಗೂ ಕನ್ನಡಕದ ಅಂಗಡಿಯಲ್ಲಿ ಮದ್ದು ಸಿಗಲಾರದು. ಒಂದು, ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ನಿನ್ನ ಕೈ ದಾಟಿ ಹೋದ ಬಿರುಕುಬಿಟ್ಟ ಬುಷ್. ಇನ್ನೊಂದು, ರಾತ್ರಿ ಹನ್ನೊಂದರವರೆಗೆ ಎಫ್‌ಡಿಎ ಪರೀಕ್ಷೆಗೆ ಓದಿದ್ದು ಬೆಳಗ್ಗೆ ಏಳುವಷ್ಟರಲ್ಲಿ ಮಾಯವಾಗುವುದು. ಎರಡೂ ಕಡೆ ಕಣ್ಣು ತನ್ನ ಪಾಲಿನದನ್ನು ಮಾಡಿದೆ. ಗಮನ ಅನ್ನುವುದು ಬೇರೆಯೇ ಒಂದು ಕೆಲಸ. ಅದಕ್ಕೆ ಅದರದೇ ಮಿತಿ, ಅದರದೇ ಚಾಳಿ.

ಈ ರಾಜಗೋಪಾಲನಗರದಲ್ಲಿ ಕೆಳಗೆ ಲೇತ್ ಮೆಷಿನ್ನು, ಮೇಲೆ ಬಾಡಿಗೆ ಮನೆ ಇರುವ ಕಟ್ಟಡಗಳ ನಡುವೆಯೇ ನನ್ನ ಆಯುಷ್ಯ ಕಳೆದದ್ದು. ಪೀಣ್ಯದ ಶೆಡ್ಡುಗಳಲ್ಲಿ ವರ್ನಿಯರ್ ಹಿಡಿದೇ ಕೂದಲು ಬೆಳ್ಳಗಾಯಿತು. ಕೆಲಸ ಬಿಟ್ಟ ಮೇಲೆ ಹತ್ತಿದ್ದು ಮನಶ್ಶಾಸ್ತ್ರದ ಪುಸ್ತಕಗಳ ಹುಚ್ಚು. ನಮ್ಮವರಿಗೆ ಇದೇನು ಹೊಸ ವಿದ್ಯೆಯಲ್ಲ ಬಿಡು, ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದರು. 

ಮೊದಲು ಕಣ್ಣಿನ ಲೆಕ್ಕ ತಿಳಿದುಕೋ. ತೋಳು ನೀಡಿ ಹೆಬ್ಬೆರಳು ಎತ್ತಿ ಹಿಡಿ. ಆ ಬೆರಳಿನ ಅಗಲ ಎಷ್ಟೋ, ಒಂದು ಸಲಕ್ಕೆ ಕಣ್ಣಿಗೆ ಚೊಕ್ಕವಾಗಿ ಕಾಣುವ ಜಾಗ ಹೆಚ್ಚುಕಮ್ಮಿ ಅಷ್ಟೇ. ಅದರಾಚೆಗಿನದೆಲ್ಲ ಮಸುಕು. ನಮಗದು ಮಸುಕು ಅನ್ನಿಸದೇ ಇರುವುದು ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಾಗ ಬದಲಾಯಿಸುತ್ತಲೇ ಇರುವುದರಿಂದ. ಓದುವಾಗಲೂ ಹೀಗೆಯೇ. ಸಾಲಿನ ಮೇಲೆ ಕಣ್ಣು ಸಲೀಸಾಗಿ ಜಾರಿಕೊಂಡು ಹೋಗುತ್ತದೆ ಅಂದುಕೊಂಡಿರುತ್ತೇವೆ; ಅದು ನಿಂತು ನಿಂತು ಹಾರುತ್ತದೆ ಅನ್ನುವುದು 1870ರ ದಶಕದ ಕೊನೆಯಲ್ಲಿ ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಕಾಲದಲ್ಲಿ ಗೊತ್ತಾಯಿತು. ನಂಬಿಕೆ ಬರದಿದ್ದರೆ ನಿನ್ನ ತಮ್ಮ ಓದುವಾಗ ಎದುರಿಗೆ ಕೂತು ಅವನ ಕಣ್ಣುಗುಡ್ಡೆ ನೋಡು. ನಿನ್ನ ಕಣ್ಣಿನದನ್ನು ಕನ್ನಡಿಯಲ್ಲಿ ನೋಡಲು ಹೋದರೆ ಕಾಣುವುದಿಲ್ಲ, ಯಾಕೆಂದರೆ ಹಾರುವ ಆ ಗಳಿಗೆಯಲ್ಲಿ ಮಿದುಳು ನೋಟವನ್ನು ಅದುಮಿಟ್ಟಿರುತ್ತದೆ. ಒಂದೊಂದು ನಿಲುಗಡೆ ಸೆಕೆಂಡಿನ ಕಾಲುಭಾಗದಷ್ಟು, ಓದು ನಡೆಯುವುದು ಅಲ್ಲೇ.

ಇಂಗ್ಲಿಷ್ ಓದುವುದರಲ್ಲಿ ಚೆನ್ನಾಗಿ ಪಳಗಿದವರ ಕಣ್ಣೂ ನೂರಕ್ಕೆ ಹತ್ತು ಹದಿನೈದು ಸಲ ಹಿಂದಕ್ಕೆ ಹಾರುತ್ತದೆ. ಓದಿದ ಸಾಲಿಗೇ ಮತ್ತೆ ಬಂದೆ ಅಂತ ನೀನು ಹಲ್ಲು ಕಚ್ಚುವುದು ಬೇಡ. ಮೆಟ್ರೊ ಕಂಬದ ಕೆಳಗೆ ಅಂಟಿಸಿರುತ್ತಾರಲ್ಲ, ಓದುವ ವೇಗ ಮೂರು ಪಟ್ಟು ಮಾಡಿಕೊಡುತ್ತೇವೆ ಅಂತ, ಅಂಥ ಕಡೆ ದುಡ್ಡು ಕಟ್ಟಬೇಡ. ಓದುವ ಕಣ್ಣನ್ನೇ ಜೀವಮಾನವಿಡೀ ಅಳೆದ ಕೀತ್ ರೇನರ್ ಮತ್ತು ಅವರ ಜೊತೆಗಾರರ ಪರಾಮರ್ಶೆ 2016ರಲ್ಲಿ ಬಂತು. ಅರ್ಥ ಬಿಟ್ಟುಕೊಡದೆ ವೇಗವನ್ನು ಹಾಗೆ ಏರಿಸುವ ಉಪಾಯ ಇಲ್ಲ ಅನ್ನುವುದೇ ಅದರ ತೀರ್ಪು.

ಈಗ ಆ ಬುಷ್ಷಿಗೆ ಬರೋಣ. ನಿನ್ನ ಟೇಬಲ್ಲಿಗೆ ಬರುವ ಲಾಟಿನಲ್ಲಿ ಕೆಟ್ಟ ಪೀಸು ಎಷ್ಟಿರುತ್ತದೆ? ಕ್ರೇಟುಗಟ್ಟಲೆ ನೋಡಿದರೆ ಒಂದೋ ಎರಡೋ. ಗುಟ್ಟು ಇರುವುದು ಅಲ್ಲೇ. ಜೆರೆಮಿ ವುಲ್ಫ್ ಅಂತ ಅಮೆರಿಕದ ವಿಜ್ಞಾನಿ, 2005ರಲ್ಲಿ ಏರ್‌ಪೋರ್ಟಿನ ಬ್ಯಾಗೇಜ್ ಎಕ್ಸ್‌ರೇ ಥರದ ಚಿತ್ರಗಳನ್ನು ಜನರ ಮುಂದಿಟ್ಟು ಒಳಗಿರುವ ಸಾಮಾನು ಹುಡುಕಿಸಿದ. ಅರ್ಧದಷ್ಟು ಚಿತ್ರಗಳಲ್ಲಿ ಆ ಸಾಮಾನು ಇದ್ದಾಗ ಜನ ಅದನ್ನು ತಪ್ಪಿಸಿಕೊಂಡದ್ದು ನೂರಕ್ಕೆ 7 ಸಲ. ನೂರು ಚಿತ್ರಕ್ಕೆ ಒಂದರಂತೆ ಅಪರೂಪ ಮಾಡಿದಾಗ ತಪ್ಪಿಸಿಕೊಂಡದ್ದು ನೂರಕ್ಕೆ 30. ಅದೇ ಕಣ್ಣು, ಅದೇ ಬೆಳಕು. ಅಪರೂಪದ್ದನ್ನು ಹುಡುಕುವಾಗ ಮನಸ್ಸು ಮೊದಲೇ ‘ಇರಲಾರದು’ ಅನ್ನುವ ಕಡೆಗೆ ವಾಲಿರುತ್ತದೆ, ಬೇಗ ‘ಓಕೆ’ ಅಂದುಬಿಡುತ್ತದೆ. ನಿನ್ನ ಕಂಪನಿಯ ಕೆಲಸ ಚೆನ್ನಾಗಿದ್ದಷ್ಟೂ, ಅಂದರೆ ರಿಜೆಕ್ಷನ್ ಕಮ್ಮಿಯಾದಷ್ಟೂ, ನಿನ್ನ ಕೆಲಸ ಕಷ್ಟವಾಗುತ್ತದೆ. ಇದನ್ನು ಸೂಪರ್‌ವೈಸರ್‌ಗೆ ಹೇಳಿದರೆ ನಗಬಹುದು, ಆದರೂ ಹೇಳು. ಗುರುತು ಹಾಕಿಟ್ಟ ಕೆಲವು ಕೆಟ್ಟ ಪೀಸುಗಳನ್ನು ನಿನಗೆ ಗೊತ್ತಾಗದಂತೆ ಕ್ರೇಟಿನಲ್ಲಿ ಬೆರೆಸಿ, ಸಿಕ್ಕಿತೋ ಇಲ್ಲವೋ ಆಗಿಂದಾಗ್ಗೆ ತಿಳಿಸಲು ಕೇಳು. ವಿಮಾನ ನಿಲ್ದಾಣಗಳಲ್ಲಿ ಎಕ್ಸ್‌ರೇ ನೋಡುವವರ ಪರದೆಗೆ ಹೀಗೇ ಸುಳ್ಳು ಬಾಂಬು, ಸುಳ್ಳು ಚಾಕುವಿನ ಚಿತ್ರ ತೂರಿಸುತ್ತಾರೆ.

ಅನುಭವ ಇದ್ದರೆ ಇಂಥದ್ದು ಆಗುವುದಿಲ್ಲ ಅನ್ನುತ್ತಾರೆ ನಮ್ಮ ಹಳಬರು. ಅವರಿಗೆ ರೇಡಿಯಾಲಜಿಸ್ಟುಗಳ ಕಥೆಯೊಂದನ್ನು ಹೇಳು. ಟ್ರಾಫ್ಟನ್ ಡ್ರೂ ಮತ್ತು ಗೆಳೆಯರು 2013ರಲ್ಲಿ ಶ್ವಾಸಕೋಶದ ಸಿಟಿ ಸ್ಕ್ಯಾನಿನಲ್ಲಿ ಒಂದು ಗೊರಿಲ್ಲಾದ ಚಿತ್ರ ಸೇರಿಸಿದರು. ಹುಡುಕಬೇಕಾಗಿದ್ದ ಗಂಟಿಗಿಂತ ಅದು 48 ಪಟ್ಟು ದೊಡ್ಡದು. ಗಂಟು ಹುಡುಕುತ್ತಿದ್ದ 24 ಪರಿಣತರಲ್ಲಿ 20 ಮಂದಿಗೆ ಗೊರಿಲ್ಲಾ ಕಾಣಲೇ ಇಲ್ಲ. ಹಾಗೆ ಕಾಣದವರಲ್ಲಿ ಹೆಚ್ಚಿನವರ ಕಣ್ಣು ನೇರ ಅದರ ಮೇಲೆಯೇ ಹಾದುಹೋಗಿತ್ತು ಅಂತ ಕಣ್ಣಿನ ಚಲನೆ ದಾಖಲಿಸುವ ಯಂತ್ರ ಹೇಳಿತು. ನೀನು ಅಳತೆ ಸರಿಯಿದೆಯಾ ಅಂತ ನೋಡುತ್ತಿದ್ದೆ, ಬಿರುಕು ಕಾಣಲಿಲ್ಲ. ಆದ್ದರಿಂದ ಒಂದು ಪೀಸಿನಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಲು ಹೋಗಬೇಡ. ಗೇಜ್ ಹಾಕುವ ಸುತ್ತು ಬೇರೆ, ಬೆಳಕಿಗೆ ಓರೆಯಾಗಿ ಹಿಡಿದು ಮೈ ತಿರುಗಿಸಿ ಬಿರುಕು ಹುಡುಕುವ ಸುತ್ತು ಬೇರೆ. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಎರಡು ಗಂಟೆ ಎದ್ದೇಳದೆ ಕೂತು ನೋಡುತ್ತೇನೆ ಅನ್ನುವ ಹಟವನ್ನೂ ಬಿಡು. ಎರಡನೇ ಮಹಾಯುದ್ಧದಲ್ಲಿ ರಾಡಾರ್ ಪರದೆ ಕಾಯುತ್ತಿದ್ದ ಬ್ರಿಟಿಷ್ ವಾಯುಪಡೆಯವರು ಶತ್ರುಗಳ ಗುರುತನ್ನು ಯಾಕೆ ತಪ್ಪಿಸಿಕೊಳ್ಳುತ್ತಾರೆ ಅಂತ ನಾರ್ಮನ್ ಮ್ಯಾಕ್‌ವರ್ತ್ ಪತ್ತೆ ಮಾಡಲು ಹೊರಟ. ಅವನ ಪರೀಕ್ಷೆ ಹೀಗಿತ್ತು: ಅಂಕಿಯಿಲ್ಲದ ಒಂದು ಗಡಿಯಾರ, ಮುಳ್ಳು ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತದೆ, ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ. ಹಾರಿದಾಗ ಗುಂಡಿ ಒತ್ತಬೇಕು. 1948ರಲ್ಲಿ ಅವನು ಪ್ರಕಟಿಸಿದ ಪ್ರಕಾರ, ಮೊದಲ ಅರ್ಧಗಂಟೆ ಕಳೆಯುತ್ತಿದ್ದ ಹಾಗೆ ತಪ್ಪು ಹೆಚ್ಚಾಗುತ್ತಿತ್ತು. ಅರ್ಧಗಂಟೆ ಕಾವಲು, ಅರ್ಧಗಂಟೆ ಬಿಡುವು ಅಂತ ಹಂಚಿದಾಗ ಆ ಏರಿಕೆ ಕಾಣಲಿಲ್ಲ. ಪೀಣ್ಯದಲ್ಲಿ ಯಾರು ಅರ್ಧಗಂಟೆ ಬಿಡುವು ಕೊಡುತ್ತಾರೆ ತಾತ ಅನ್ನುತ್ತೀಯ, ಗೊತ್ತು. ಬಿಡುವೇ ಬೇಕಿಲ್ಲ. ಪಕ್ಕದ ಟೇಬಲ್ಲಿನ ಪ್ಯಾಕಿಂಗ್ ಹುಡುಗಿಯ ಜೊತೆ ಕೆಲಸ ಅದಲುಬದಲು ಮಾಡಿಕೊಂಡರೂ ಆಯಿತು.

ಇನ್ನು ನಿನ್ನ ತಮ್ಮನ ವಿಷಯ. ಮೂರನೇ ಕ್ಲಾಸಿನ ಹುಡುಗ ‘ರಾಷ್ಟ್ರ’ ಅಂತ ಓದುವಷ್ಟರಲ್ಲಿ ಮೂರು ಸಲ ಎಡವಿದ, ನೀನು ತಲೆಗೆ ಮೊಟಕಿದೆ. ಮೊಟಕಬೇಡಮ್ಮ. ಆ ಮಗುವಿನ ಕಣ್ಣು ಮಾಡುತ್ತಿರುವ ಕೆಲಸ ನೋಡು. ‘ಷ’ ಓದಿ, ಅದರ ಕೆಳಗಿರುವ ಟ ಒತ್ತಿಗೆ ಇಳಿದು, ಅಲ್ಲಿಂದ ರ ಒತ್ತು ಹಿಡಿದು, ಮತ್ತೆ ಸಾಲಿಗೆ ಏರಬೇಕು. ‘ಕರ್ನಾಟಕ’ದಲ್ಲಿ ಬಾಯಿ ಮೊದಲು ‘ರ್’ ಹೇಳುತ್ತದೆ, ಕಣ್ಣಿಗೆ ಮೊದಲು ಸಿಗುವುದು ‘ನಾ’. ಅರ್ಕಾವೊತ್ತು ಅದರ ಬೆನ್ನಿಗೆ ಕೂತಿರುತ್ತದೆ. ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು. ಕಾಗುಣಿತ, ಒತ್ತು ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಇಂಗ್ಲಿಷಿನ 26ರ ಜೊತೆ ಹೋಲಿಸಿ ‘ಇಷ್ಟು ದಿನವಾದರೂ ಬರಲಿಲ್ಲವಾ’ ಅಂದರೆ ಅನ್ಯಾಯ. ಸೊನಾಲಿ ನಾಗ್ ಅವರು ಐದರಿಂದ ಹತ್ತು ವರ್ಷದ ಕನ್ನಡ ಕಲಿಯುವ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಬರೆದಿದ್ದಾರೆ: ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ನಾಲ್ಕನೇ ತರಗತಿಯವರೆಗೂ ಕಾಲ ಬೇಕಾಗುತ್ತದೆ. ನಿನ್ನ ತಮ್ಮ ಹಿಂದೆ ಬಿದ್ದಿಲ್ಲ, ದಾರಿಯಲ್ಲಿದ್ದಾನೆ.

ಆ ದಾರಿ ಮಿದುಳಿನೊಳಗೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಯಶವಂತಪುರದಾಚೆ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ನೋಡಿದ್ದಾರೆ. ಎಸ್. ಪಿ. ಅರುಣ್ ಅವರ ತಂಡ ತೆಲುಗು ಓದಬಲ್ಲವರನ್ನು, ಮಲಯಾಳ ಓದಬಲ್ಲವರನ್ನು ಕರೆದು ಎರಡೂ ಲಿಪಿಯ ಅಕ್ಷರಗಳನ್ನು ತೋರಿಸಿ ಹುಡುಕಿಸಿತು; ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಓದು ಬಲ್ಲವರ ಮಿದುಳಿನಲ್ಲಿ ಪದಗಳಿಗೆ ಅಂತಲೇ ಇಡಿಯಾದ ಅಚ್ಚುಗಳು ತಯಾರಾಗಿರುತ್ತವೆ ಅಂತ ಅನ್ನಿಸಬಹುದು. ಅವರಿಗೆ ಸಿಕ್ಕಿದ್ದು ಬೇರೆ. ಓದು ಬಲ್ಲವರಿಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಬೇರೆ ಕಾಣುತ್ತದೆ, ಪಕ್ಕದ ಅಕ್ಷರ ಅದನ್ನು ಕಲಕುವುದು ಕಡಿಮೆಯಾಗುತ್ತದೆ. ಆ ಕಲಕಾಟ ಎಷ್ಟು ಅನ್ನುವುದರ ಮೇಲೆ ಓದಿನ ಸರಾಗವನ್ನು ಅಂದಾಜು ಮಾಡಬಹುದಿತ್ತು. ತೆಲುಗು ಲಿಪಿ ನಮ್ಮ ಲಿಪಿಯ ಸ್ವಂತ ತಂಗಿ. ನಮ್ಮ ಮಕ್ಕಳಿಗೂ ಇದು ಒಪ್ಪುತ್ತದೆ ಅಂತ ನಾನಂತೂ ನಂಬಿದ್ದೇನೆ. ದಿನಾ ಸಂಜೆ ಒಂದು ಪುಟ, ದೊಡ್ಡ ಅಕ್ಷರದ್ದು, ಅವನಿಗೆ ಇಷ್ಟವಾದ ಕಥೆಯದ್ದು ಜೊತೆಗೆ ಕೂತು ಓದಿಸು. ಪಕ್ಕದಲ್ಲಿ ಫೋನ್ ಬೇಡ.

ಫೋನ್ ಅಂದಾಗ ನೆನಪಾಯಿತು, ನಿನ್ನಣ್ಣನಿಗೆ ಹೇಳು. ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ತುಮಕೂರು ರಸ್ತೆಯಲ್ಲಿ ಲಾರಿಗಳ ಮಧ್ಯೆ ಹೋಗುತ್ತಾನೆ. ಕೈ ಹ್ಯಾಂಡಲ್ ಮೇಲಿದೆ, ಕಣ್ಣು ರಸ್ತೆ ಮೇಲಿದೆ, ಏನಾಗುತ್ತದೆ ಅನ್ನುವುದು ಅವನ ವಾದ. ಡೇವಿಡ್ ಸ್ಟ್ರೇಯರ್ ಯೂಟಾದಲ್ಲಿ ಮಾಡಿದ ಪ್ರಯೋಗಗಳಲ್ಲಿ, ಕೈಗೆ ಫೋನ್ ಮುಟ್ಟಿಸದೆ ಬರೀ ಮಾತಾಡುತ್ತಾ ವಾಹನ ಓಡಿಸಿದವರು, ತಮ್ಮ ಕಣ್ಣು ನೇರವಾಗಿ ನೆಟ್ಟಿದ್ದ ರಸ್ತೆಬದಿಯ ಫಲಕಗಳನ್ನೂ ಆಮೇಲೆ ಸರಿಯಾಗಿ ಗುರುತಿಸಲಾರದೆ ಹೋದರು. ಅವನಿಗೆ ಲಾರಿ ಕಾಣುವುದಿಲ್ಲ ಅನ್ನುವುದು ನನ್ನ ಭಯವಲ್ಲ. ಕಂಡರೂ ಕಾಣುವುದಿಲ್ಲ ಅನ್ನುವುದು ನನ್ನ ಭಯ.

ಕೊನೆಗೆ ನಿನ್ನ ಓದು. ನೀನು ಪುಟವನ್ನು ಮತ್ತೆ ಮತ್ತೆ ಓದುತ್ತೀಯ, ಹಳದಿ ಪೆನ್ನಲ್ಲಿ ಗೆರೆ ಎಳೆಯುತ್ತೀಯ, ಎಲ್ಲ ಪರಿಚಿತ ಅನ್ನಿಸುತ್ತದೆ, ಪುಸ್ತಕ ಮುಚ್ಚುತ್ತೀಯ. ಪರಿಚಿತ ಅನ್ನಿಸುವುದಕ್ಕೂ ಗೊತ್ತಿರುವುದಕ್ಕೂ ಬಹಳ ದೂರ. ರೋಡಿಗರ್, ಕಾರ್ಪಿಕ್ ಅನ್ನುವವರು 2006ರಲ್ಲಿ ಕಾಲೇಜು ಮಕ್ಕಳಿಗೆ ಪಾಠ ಕೊಟ್ಟರು. ಕೆಲವರು ಎರಡು ಸಲ ಓದಿದರು, ಕೆಲವರು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷಕ್ಕೆ ಕೇಳಿದಾಗ ಎರಡು ಸಲ ಓದಿದವರದೇ ಮೇಲುಗೈ, ನೂರಕ್ಕೆ 81; ಬರೆದವರದು 75. ಒಂದು ವಾರ ಬಿಟ್ಟು ಕೇಳಿದಾಗ ಓದಿದವರು 42ಕ್ಕೆ ಇಳಿದಿದ್ದರು, ಬರೆದವರು 56ರಲ್ಲಿದ್ದರು. ರಾತ್ರಿ ಹನ್ನೊಂದಕ್ಕೆ ನಿನಗೆ ಎಲ್ಲ ಬಂದ ಹಾಗೆ ಅನ್ನಿಸಿದ್ದು ಆ ಐದು ನಿಮಿಷದ ಮಾತು. ಪುಸ್ತಕ ಮುಚ್ಚಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆ. ಬರೆಯಲಾಗದೆ ತಡಕಾಡಿದ ಜಾಗವನ್ನಷ್ಟೇ ಮತ್ತೆ ಓದು.

ಕಷ್ಟದ ಪಾಠವನ್ನು ಮೊಬೈಲಿನ ಪಿಡಿಎಫ್‌ನಲ್ಲಿ ಓದದೆ ಪ್ರಿಂಟ್ ಹಾಕಿಸಿಕೋ. ಹೊತ್ತಿನ ಒತ್ತಡವಿದ್ದಾಗ, ಮಾಹಿತಿ ತುಂಬಿದ ಬರಹವಿದ್ದಾಗ ಕಾಗದದ ಮೇಲೆ ಓದಿದವರಿಗೆ ಹೆಚ್ಚು ಅರ್ಥವಾಗುತ್ತದೆ ಅಂತ 54 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಲೆಕ್ಕಾಚಾರ ಹೇಳಿದೆ.

ನಾನು ಇಂಗ್ಲಿಷ್ ಮೀಡಿಯಂ ಅಲ್ಲ, ನನಗೆ ಓದುವ ಶಕ್ತಿಯೇ ಕಮ್ಮಿ ಅಂತ ಕೊರಗುತ್ತೀಯಲ್ಲ, ಅದಕ್ಕೊಂದು ಮಾತು. 1988ರಲ್ಲಿ ರೆಕ್ಟ್, ಲೆಸ್ಲಿ ಅನ್ನುವ ಇಬ್ಬರು ಅಮೆರಿಕದಲ್ಲಿ 64 ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಜಾಣರಾಗಿದ್ದು ಆಟ ಗೊತ್ತಿಲ್ಲದ ಮಕ್ಕಳನ್ನು ಹಿಂದೆ ಹಾಕಿದರು. ಅರ್ಥವಾಗುವುದು ಪುಟದಲ್ಲಿರುವ ಅಕ್ಷರದಿಂದ ಅರ್ಧ, ಓದುವವರ ಬಳಿ ಮೊದಲೇ ಇರುವ ತಿಳಿವಳಿಕೆಯಿಂದ ಅರ್ಧ. ನಿನಗೆ ತಲೆಗೆ ಹತ್ತದ ಅಧ್ಯಾಯ ಯಾವುದು, ಪಂಚಾಯತ್ ರಾಜ್. ನಿನ್ನ ಅಮ್ಮ ಊರಿನಲ್ಲಿ ಒಂದು ಅವಧಿ ಪಂಚಾಯಿತಿ ಸದಸ್ಯೆಯಾಗಿದ್ದವಳು! ಭಾನುವಾರ ಊರಿಗೆ ಹೋದಾಗ ಅವಳನ್ನು ಕೂರಿಸಿಕೊಂಡು ಕೇಳು: ಗ್ರಾಮಸಭೆಗೆ ಯಾರು ಬರುತ್ತಿದ್ದರು, ಯಾವ ದುಡ್ಡು ಎಲ್ಲಿಂದ ಬರುತ್ತಿತ್ತು, ಪಿಡಿಓ ಸಹಿ ಯಾವುದಕ್ಕೆ, ಅಧ್ಯಕ್ಷರ ಸಹಿ ಯಾವುದಕ್ಕೆ. ನಿಮ್ಮ ಅಜ್ಜ ಇದ್ದರೆ ನೀರ್‌ಸಾಬ್ ಅಂತ ಜನ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬ್ ಕಾಲದ ಮಂಡಲ ಪಂಚಾಯಿತಿ ಹೇಗಿತ್ತು ಅಂತ ಅವರ ಬಾಯಲ್ಲೇ ಕೇಳು. ಆಮೇಲೆ ಪುಸ್ತಕ ತೆಗೆದು 1983ರ ಕಾಯ್ದೆ, 73ನೇ ತಿದ್ದುಪಡಿ ಓದು. ಅರ್ಥವಾಗದ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡು ಸೋಮವಾರ ಸಂಜೆ ಬಾ, ಅಷ್ಟನ್ನು ಇಬ್ಬರೂ ಕೂತು ನೋಡೋಣ.