ಮಿತವ್ಯಯದಲ್ಲಿ ನಂಬತಕ್ಕ ಡಿಜಿಟಲ್ ಮಲ್ಟಿಮೀಟರನ್ನು ಆರಿಸುವ ಕ್ರಮ

ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಕೊಡ್ಲಿಪೇಟೆಯ ಸುತ್ತಣ ರೊಬಸ್ಟಾ ಕಾಫಿ ತೋಟಗಳಿಗೆ ಹೂವಿನ ನೀರನ್ನು ಕೊಡುವ ಕಾಲವು ಬಂದೊಡನೆ ಅನೇಕರ ಪಂಪುಗಳು ಏಕಕಾಲದಲ್ಲಿ ನಡೆಯತೊಡಗಿ, ಲೈನಿನ ವೋಲ್ಟೇಜು ಕುಗ್ಗುವುದುಂಟು. ಕುಗ್ಗಿದ ವೋಲ್ಟೇಜಿನಲ್ಲಿ ಅದೇ ಹೊರೆಯನ್ನು ಹೊತ್ತ ಮೋಟಾರು ಹೆಚ್ಚು ಕರೆಂಟನ್ನು ಎಳೆದು, ಕಾದು, ಕಡೆಗೆ ಅದರ ವೈಂಡಿಂಗು ಸುಟ್ಟುಹೋಗುವುದು. ಅದನ್ನು ಪುನಃ ಸುತ್ತಿಸಿ ತರುವವರೆಗೆ ಮೊಗ್ಗು ಕಾಯಲಾರದು. ಆದುದರಿಂದ ಪಂಪನ್ನು ನಡೆಸುವ ಮೊದಲೂ, ನಡೆಯುತ್ತಿರುವಾಗಲೂ ವೋಲ್ಟೇಜನ್ನು ಅಳೆದು ನೋಡುವ ವಾಡಿಕೆಯು ಬೆಳೆಗಾರನಿಗೆ ಅತ್ಯಾವಶ್ಯಕವು. ಆದರೆ ಅಳೆಯುವ ಉಪಕರಣವೇ ತಪ್ಪು ಹೇಳಿದರೆ ಗತಿಯೇನು?

ಪೇಟೆಯಲ್ಲಿ 200–300 ರೂಪಾಯಿಗಳಿಗೆ ದೊರೆಯುವ ಮಾಪಕಗಳ ಪರದೆಯ ಮೇಲೆ ಅಂಕಿಗಳು ಸ್ಪಷ್ಟವಾಗಿ ಮೂಡುವುದೇನೋ ನಿಜ. ಅಂಕಿಯು ಸ್ಪಷ್ಟವಾಗಿದ್ದ ಮಾತ್ರಕ್ಕೆ ಅದು ಸರಿಯೆಂದು ತಿಳಿಯಲಾಗದು. ಕೊಳ್ಳುವವರು ಪೆಟ್ಟಿಗೆಯೊಳಗಿನ ಕಾಗದವನ್ನು ಬಿಡಿಸಿ ನಿಖರತೆಯ ಸಾಲನ್ನು ಓದತಕ್ಕದ್ದು. ಅಲ್ಲಿ ಎರಡು ಭಾಗಗಳಿರುವುವು: ತೋರಿದ ಮೊತ್ತದಲ್ಲಿ ಶೇಕಡಾ ಇಷ್ಟು, ಮತ್ತು ಕೊನೆಯ ಸ್ಥಾನದಲ್ಲಿ ಇಷ್ಟು ಅಂಕಿ. ಅಗ್ಗದ ಮಾಪಕದಲ್ಲಿ ಎ.ಸಿ. ವೋಲ್ಟೇಜಿಗೆ ‘ಶೇಕಡಾ 1.2 ಮತ್ತು 10 ಅಂಕಿ’ ಎಂದಿದೆಯೆಂದು ಇಟ್ಟುಕೊಳ್ಳೋಣ. ಅದರ 750 ವೋಲ್ಟಿನ ಶ್ರೇಣಿಯಲ್ಲಿ ಕೊನೆಯ ಸ್ಥಾನವೆಂದರೆ 1 ವೋಲ್ಟು. 230 ಎಂದು ತೋರಿದಾಗ ಶೇಕಡಾವಾರಿನಿಂದ 2.8, ಅಂಕಿಗಳಿಂದ 10, ಒಟ್ಟು ಸುಮಾರು 13 ವೋಲ್ಟಿನ ವ್ಯತ್ಯಾಸಕ್ಕೆ ಅವಕಾಶವಿರುವುದು. ಅಂದರೆ ನಿಜವಾದ ವೋಲ್ಟೇಜು 217 ಇರಬಹುದು, 243 ಸಹ ಇರಬಹುದು. 6000 ಎಣಿಕೆಯ ಮಾಪಕವೊಂದರಲ್ಲಿ ‘ಶೇಕಡಾ 1 ಮತ್ತು 3 ಅಂಕಿ’ ಎಂದಿದ್ದು, ಕೊನೆಯ ಸ್ಥಾನವು 0.1 ವೋಲ್ಟಾಗಿದ್ದರೆ, ವ್ಯತ್ಯಾಸವು 2.6 ವೋಲ್ಟನ್ನು ಮೀರಲಾರದು. ಅಂಗಡಿಯವರು ಶೇಕಡಾವಾರನ್ನು ಮಾತ್ರ ಹೇಳುವರು. ಮೋಸವಾಗುವುದು ಎರಡನೆಯ ಭಾಗದಲ್ಲಿ.

ಶ್ರೇಣಿಯನ್ನು ಆರಿಸುವುದರಲ್ಲಿಯೂ ಇದೇ ಲೆಕ್ಕ. ಆನೆಯ ಕಾಟಕ್ಕಾಗಿ ಹಾಕಿದ ಸೋಲಾರ್ ಬೇಲಿಯ 12 ವೋಲ್ಟಿನ ಬ್ಯಾಟರಿಯು ಪೂರ್ಣ ತುಂಬಿ ತುಸುಹೊತ್ತು ವಿಶ್ರಮಿಸಿದಾಗ ಸುಮಾರು 12.6, ಅರ್ಧಕ್ಕಿಳಿದಾಗ ಸುಮಾರು 12.2 ವೋಲ್ಟು ತೋರುವುದು. ‘ಶೇಕಡಾ 0.5 ಮತ್ತು 2 ಅಂಕಿ’ಯ ಮಾಪಕವನ್ನು 20 ವೋಲ್ಟಿನ ಶ್ರೇಣಿಗೆ ತಿರುಗಿಸಿದರೆ ತಪ್ಪು 0.08ರೊಳಗೆ ಇರುವುದು, 200ಕ್ಕೆ ತಿರುಗಿಸಿದರೆ 0.26ರವರೆಗೆ ಹೋಗಿ, ಬ್ಯಾಟರಿಯ ಸ್ಥಿತಿಯೇ ತಿಳಿಯದಂತಾಗುವುದು. ಬೇಲಿಯ ತಂತಿಗೆ ಮಾತ್ರ ಈ ಮಾಪಕವನ್ನು ಎಂದಿಗೂ ಮುಟ್ಟಿಸಬಾರದು. ಅಲ್ಲಿ ಹರಿಯುವುದು ಅನೇಕ ಸಾವಿರ ವೋಲ್ಟಿನ ಮಿಡಿತ. ಅದಕ್ಕೆ ಪ್ರತ್ಯೇಕ ಪರೀಕ್ಷಕವಿದೆ.

ಮೂರು ಫೇಸುಗಳನ್ನು ಒಂದಕ್ಕೊಂದು ಹೋಲಿಸುವುದಕ್ಕಾದರೆ ಅಗ್ಗದ ಮಾಪಕವೂ ಸಾಲದೇ, ತಪ್ಪು ಮೂರರಲ್ಲಿಯೂ ಬಹುಮಟ್ಟಿಗೆ ಒಂದೇ ಅಲ್ಲವೇ, ಎಂದು ಕೆಲವರು ಕೇಳುವರು. ಲೆಕ್ಕಕ್ಕೆ ಸಾಕಾದೀತು, ಪ್ರಾಣಕ್ಕೆ ಸಾಲದು. ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಫೇಸುಗಳ ನಡುವೆ 400 ವೋಲ್ಟಿಗೂ ಮೇಲ್ಪಟ್ಟು ಇರುವುದುಂಟು. ಅಂತಹ ಸ್ಥಳಕ್ಕೆ ‘ಕ್ಯಾಟ್ 3, 600 ವೋಲ್ಟ್’ ಎಂಬ ಗುರುತುಳ್ಳ, ಅದೇ ದರ್ಜೆಯ ತಂತಿಗಳುಳ್ಳ ಮಾಪಕವೇ ಬೇಕು. ಕೇವಲ ಅಚ್ಚಿನ ಗುರುತನ್ನು ನೆಚ್ಚದೆ, ಹೆಸರುವಾಸಿಯಾದ ತಯಾರಕರದನ್ನೇ ಕೊಳ್ಳುವುದು ಲೇಸು. ಅಗ್ಗದವುಗಳಲ್ಲಿ 10 ಆಂಪಿಯರಿನ ತೂತಿಗೆ ಅನೇಕ ವೇಳೆ ಫ್ಯೂಸೇ ಇರುವುದಿಲ್ಲ. ತಂತಿಯನ್ನು ಮರೆತು ಅಲ್ಲಿಯೇ ಬಿಟ್ಟು ಫೇಸುಗಳಿಗೆ ಮುಟ್ಟಿಸಿದರೆ ಮಾಪಕವು ಕೈಯಲ್ಲಿಯೇ ಸಿಡಿದೀತು. ಕರೆಂಟನ್ನು ಅಳೆಯಬೇಕಾದವರು ತಂತಿಯನ್ನು ಕತ್ತರಿಸದೆ ಸುತ್ತ ಹಿಡಿದು ಅಳೆಯುವ ಕ್ಲಾಂಪ್ ಮೀಟರನ್ನೇ ಕೊಳ್ಳಲಿ. ವೋಲ್ಟೇಜನ್ನೂ ಅದರಲ್ಲಿ ನೋಡಬಹುದು. ನನ್ನ ಅಭಿಪ್ರಾಯದಲ್ಲಿ 1,500ರಿಂದ 2,500 ರೂಪಾಯಿಗಳನ್ನು ಇದಕ್ಕೆ ಮೀಸಲಿಟ್ಟರೆ ಸಾಕು.

ಮಾಪಕದೊಳಗಿನ ಬ್ಯಾಟರಿಯು ಇಳಿದಾಗ ಅಗ್ಗದ ಮಾಪಕಗಳು ಇದ್ದುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ತೋರುವುದುಂಟು. ಇದು ಬಹು ಅಪಾಯಕರವಾದ ತಪ್ಪು. ಬ್ಯಾಟರಿಯ ಚಿಹ್ನೆಯು ಪರದೆಯ ಮೇಲೆ ಮೂಡಿದ ದಿನವೇ ಹೊಸದನ್ನು ಹಾಕತಕ್ಕದ್ದು. ಮುಂಗಾರಿನ ತಿಂಗಳುಗಳಲ್ಲಿ ಪಂಪಿನ ಕೆಲಸವಿಲ್ಲದಿರುವಾಗ ಬ್ಯಾಟರಿಯನ್ನು ಹೊರತೆಗೆದು, ಮಾಪಕವನ್ನು ಪಂಪಿನ ಕೊಟ್ಟಿಗೆಯಲ್ಲಿ ಬಿಡದೆ ಮನೆಯೊಳಗೆ ಒಣಗಿದ ಸ್ಥಳದಲ್ಲಿ ಇಡುವುದು.